ಶುಕ್ರವಾರ ದುಡ್ಡು ಕೊಡದ ಓಣಿಯಲ್ಲಿ

ಅಂಚೆ ಕಚೇರಿಯ ಉಳಿತಾಯ ಏಜೆನ್ಸಿಯನ್ನು ಈ ಸಲ ನಾನು ನವೀಕರಿಸಲಿಲ್ಲ. ಮೊಣಕಾಲುಗಳು ಸಾಕು ಅಂದವು. ಕನ್ನಡಕವೂ ಅವುಗಳ ಪಕ್ಷ ವಹಿಸಿತು. ಇಪ್ಪತ್ನಾಲ್ಕು ವರ್ಷ ಹೆಗಲ ಮೇಲಿದ್ದ ಖಾಕಿ ಚೀಲವನ್ನು ತೊಳೆದು, ಒಣಗಿಸಿ, ಸವಿತಾ ಎಂಬ ಹುಡುಗಿಗೆ ಒಪ್ಪಿಸಿದೆ. ಸವಿತಾ ಸಿಂದಗಿಯವಳು. ಇಲ್ಲಿ ಬಸವನ ಬಾಗೇವಾಡಿಯಲ್ಲಿ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಾಳೆ, ಉಳಿದ ಹೊತ್ತಿನಲ್ಲಿ ಈ ಕೆಲಸ ಮಾಡುತ್ತೇನೆಂದು ಬಂದಳು. ಬಡ್ಡಿ, ಅವಧಿ, ತೆರಿಗೆ ಎಲ್ಲವೂ ಅವಳ ಫೋನಿನಲ್ಲಿವೆ. ನನಗಿಂತ ಬೇಗ ಹೇಳುತ್ತಾಳೆ. ಆದರೂ ಚೀಲ ಇಸಿದುಕೊಳ್ಳುವಾಗ, "ವೈನಿ, ಮೊದಲ ಏನ್ ಕಲೀಬೇಕ್ರಿ ನಾ?" ಎಂದು ಕೇಳಿದಳು.

"ಗುರುವಾರ ಹೋಗು," ಅಂದೆ. "ದೀಪ ಹಚ್ಚೂದ್ರೊಳಗ."

ಅವಳು ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ. ನಿಂತಲ್ಲೇ ಹೇಳಿ ಮುಗಿಸುವ ಮಾತೂ ಅದಾಗಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಸವಿತಾಳಿಗೂ ಅವಳಂತೆ ಹೊಸದಾಗಿ ಈ ಚೀಲ ಹೊರುವವರಿಗೂ.

ನಾನು ಇಂಡಿ ಊರಿನ ಮಾಸ್ತರರೊಬ್ಬರ ಮಗಳು. ವಿಜಯಪುರದ ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದು ಓದಿದವಳು. ಅಲ್ಲಿಯ ಸಿಸ್ಟರ್‌ಗಳು ಕಲಿಸಿದ್ದರಲ್ಲಿ ಮೂರು ನನ್ನ ಜೊತೆ ಉಳಿದವು: ಹಾಳೆಯ ಎಡಕ್ಕೆ ಗೆರೆ ಹೊಡೆಯುವುದು, ಮೆಲ್ಲಗೆ ಮಾತಾಡುವುದು, ಬೇರೆಯವರ ಮನೆಯಲ್ಲಿ ಕೊಟ್ಟದ್ದನ್ನು ಪೂರ್ತಿ ತಿನ್ನುವುದು. ಮದುವೆಯಾಗಿ ಬಾಗೇವಾಡಿಗೆ ಬಂದೆ. ನಮ್ಮವರು ಕಾಲುವೆಯ ಕಚೇರಿಯಲ್ಲಿ ಗುಮಾಸ್ತರು. ಮುದ್ದೇಬಿಹಾಳ, ಸಿಂದಗಿ, ಇಂಡಿ ಎಂದು ವರ್ಗವಾಗುತ್ತಲೇ ಇದ್ದರು, ಶನಿವಾರ ಸಂಜೆಯ ಬಸ್ಸಿಗೆ ಮನೆಗೆ ಬರುತ್ತಿದ್ದರು. ಮಕ್ಕಳು ಸಾಲೆಗೆ ಹೋದ ಮೇಲೆ ಮನೆಯಲ್ಲಿ ಅತ್ತೆಯವರು, ನಾನು ಇಬ್ಬರೇ. ಆಗಿನ ಪೋಸ್ಟ್‌ಮಾಸ್ತರ್ ದೇಸಾಯಿಯವರು ನಮ್ಮವರಿಗೆ ಪರಿಚಯ. ಹೆಣ್ಣುಮಕ್ಕಳ ಹತ್ತಿರ ಹೋಗಿ ಆರ್.ಡಿ. ಮಾಡಿಸಲು, ಅಂದರೆ ಐದು ವರ್ಷ ತಿಂಗಳಿಗಿಷ್ಟು ಎಂದು ಕಟ್ಟಿಸಲು, ಹೆಣ್ಣುಮಗಳೇ ಬೇಕೆಂದು ಅವರು ಹೇಳಿಕಳಿಸಿದರು. ಅತ್ತೆಯವರು ಯೋಚಿಸಿ ಅಪ್ಪಣೆ ಕೊಟ್ಟರು. ಓಣಿಯೊಳಗೆ ಅಡ್ಡಾಡಬಹುದು, ಪೇಟೆಗೆ ಬೇಡ. ನಾಲ್ಕು ತಿಂಗಳಾಗುವುದರಲ್ಲಿ ನಾನು ಪೇಟೆ ದಾಟಿ ಸ್ಟೇಷನ್ ರಸ್ತೆಯವರೆಗೂ ಹೋಗುತ್ತಿದ್ದೆ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಮೊದಲ ವಾರವೇ ಗಂಗವ್ವ ಸಿಕ್ಕಳು.

ಗಂಗವ್ವ ಖಡಕ್ ರೊಟ್ಟಿ ಮಾಡಿ ಮಾರುವವಳು. ಗಂಡ ತೀರಿಹೋಗಿ ಒಂದು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ನಸುಕಿಗೆ ಎದ್ದು ಒಲೆ ಹೊತ್ತಿಸಿದರೆ ರೊಟ್ಟಿ ಬಡಿಯುವ ಸಪ್ಪಳ ಓಣಿಗೆಲ್ಲ ಕೇಳುತ್ತಿತ್ತು. ಅದೇ ಅವಳ ತೊಂದರೆ. ಬಾಡಿಗೆ ಮನೆಯವರು ಮೂರು ತಿಂಗಳು ಸುಮ್ಮನಿದ್ದು, ಆಮೇಲೆ ಹೊಗೆಯ ಮಾತು ತೆಗೆಯುತ್ತಿದ್ದರು, ನಿದ್ದೆಯ ಮಾತು ತೆಗೆಯುತ್ತಿದ್ದರು. ನಾನು ಹೋದ ದಿನ ಅವಳು ಐದನೆಯ ಮನೆಯಲ್ಲಿದ್ದಳು. ಗೋಡೆಯ ಮಗ್ಗುಲಿಗೆ ಇನ್ನೂ ಹಸಿಯಾಗಿದ್ದ ಹೊಸ ಒಲೆ. ನಾನು ಆರ್.ಡಿ.ಯ ಲಾಭಗಳನ್ನು ಮೆಲ್ಲಗೆ, ಇಂಗ್ಲಿಷ್ ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದೆ. ಅವಳು ರೊಟ್ಟಿ ತಿರುವುತ್ತಲೇ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು.

"ಇದ್ರಾಗ ಜಾಗಾ ಆಗ್ತೈತೇನ್ರಿ ವೈನಿ? ಬಂಗ್ಲೆ ಬ್ಯಾಡ. ನನ್ನ ಒಲಿ ಯಾರೂ ಎತ್ತಸಬಾರ್ದು, ಅಷ್ಟ ಜಾಗಾ ಸಾಕು."

ಆಗ್ತದೆ ಎಂದೆ. ಹೇಗೆ ಆಗ್ತದೆ ಎಂಬುದು ನನಗೂ ಗೊತ್ತಿರಲಿಲ್ಲ. ಆದರೆ ಆ ಮಾತು ಹೇಳಿದ ಮೇಲೆ ಈ ಕೆಲಸ ನನಗೆ ಬರೀ ಕಮಿಷನ್ನಿನ ಕೆಲಸವಾಗಿ ಉಳಿಯಲಿಲ್ಲ.

ಹೆಬ್ಬೆಟ್ಟು ಒತ್ತುತ್ತೇನೆ ಅಂದಳು. ನಾನು ಬೇಡ ಅಂದೆ. ಹಿಟ್ಟು ಹರಡಿದ ಪರಾತದಲ್ಲಿ ಬೆರಳಿನಿಂದ ಅವಳ ಹೆಸರು ಬರೆದು ತೋರಿಸಿದೆ. ಮುಂದಿನ ತಿಂಗಳು ಹೋದಾಗ ಅವಳೇ ಪರಾತದಲ್ಲಿ ಬರೆದು ತೋರಿಸಿದಳು. ಮೊದಲ ಅಕ್ಷರ ರೊಟ್ಟಿಯ ಹಾಗೆ ದುಂಡಗೆ, ದೊಡ್ಡದಾಗಿ. ಮುಂದಿನವು ಜಾಗ ಸಾಲದೆ ಒತ್ತೊತ್ತಾಗಿ. ಆ ಸಹಿ ಈಗಲೂ ಹಾಗೆಯೇ ಇದೆ. ಅದರ ಮಾತು ಮುಂದೆ ಬರುತ್ತದೆ.

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ಹದಿನೈದನೇ ತಾರೀಖಿನೊಳಗೆ ತೆಗೆದ ಖಾತೆಗಳಿಗೆ ಪ್ರತಿ ತಿಂಗಳೂ ಹದಿನೈದರೊಳಗೇ ದುಡ್ಡು ಕಟ್ಟಬೇಕು. ತಪ್ಪಿದರೆ ದಂಡ. ನಾನು ಹದಿನೈದನೇ ತಾರೀಖು ಬೆಳಿಗ್ಗೆ ಹೊರಟು ದುಡ್ಡು ಕೂಡಿಸಿ, ಮಧ್ಯಾಹ್ನ ಕಟ್ಟುವ ಪದ್ಧತಿ ಇಟ್ಟುಕೊಂಡಿದ್ದೆ. ಎರಡು ತಿಂಗಳು ಚೆನ್ನಾಗಿ ನಡೆಯಿತು. ಮೂರನೆಯ ತಿಂಗಳ ಹದಿನೈದು ಶುಕ್ರವಾರ ಬಂತು.

ಮೊದಲನೆಯ ಮನೆಯಲ್ಲಿ ಅವಲಕ್ಕಿ ಕೊಟ್ಟರು, ದುಡ್ಡು ಕೊಡಲಿಲ್ಲ. ಎರಡನೆಯ ಮನೆಯಲ್ಲಿ ಚಹಾ, ಮೂರನೆಯದರಲ್ಲಿ ಚೂಡಾ, ನಾಲ್ಕನೆಯದರಲ್ಲಿ ಮತ್ತೆ ಚಹಾ. ಎಲ್ಲರೂ ಸಕ್ಕರೆಯಂಥ ಮಾತಾಡಿದರು, ಯಾರೂ ಡಬ್ಬಿ ತೆರೆಯಲಿಲ್ಲ. ಗಂಗವ್ವ ಮಾತ್ರ ನೇರವಾಗಿ ಹೇಳಿದಳು. "ಶುಕ್ರವಾರ ಲಕ್ಷ್ಮೀನ ಹೊರಗ ಕಳಸ್ತಾರೇನ್ರಿ ವೈನಿ? ನಿಮ್ಮ ಅತ್ತಿಯಾರ್ನ ಕೇಳ್ರಿ."

ಮನೆಗೆ ಬಂದು ಕೇಳಿದೆ. ಅತ್ತೆಯವರು ಹೂಬತ್ತಿ ಹೊಸೆಯುತ್ತ, ಇಷ್ಟು ವರ್ಷ ಶುಕ್ರವಾರ ಹಾಲಿನವಳ ಲೆಕ್ಕ ಯಾಕೆ ತೀರಿಸುವುದಿಲ್ಲ ಎಂದು ನೀನು ನೋಡಿಲ್ಲವೇ ಅಂದರು. ನೋಡಿರಲಿಲ್ಲ. ಪಾಸ್‌ಬುಕ್ಕಿನ ಗೆರೆ ಸೊಟ್ಟಾಗಿದ್ದರೆ ಕಾಣುವ ನನ್ನ ಕಣ್ಣಿಗೆ ನಮ್ಮ ಅಡುಗೆಮನೆಯ ಶುಕ್ರವಾರ ಕಂಡಿರಲಿಲ್ಲ.

ಮರುದಿನ ದುಡ್ಡು ಕೂಡಿಸಿ, ಹದಿನಾರು ಪಾಸ್‌ಬುಕ್ಕು ಹಿಡಿದು ದೇಸಾಯಿಯವರ ಮುಂದೆ ನಿಂತೆ. ಅವರು ಬಲು ಶಿಸ್ತಿನವರು. ಪಟ್ಟಿಯಲ್ಲಿ ಒಂದು ಶಾಯಿಯ ಚುಕ್ಕೆ ಬಿದ್ದರೂ ಹಿಂದಕ್ಕೆ ಕೊಡುತ್ತಿದ್ದರು. ದಂಡ ಯಾರು ಕೊಡುವವರೆಂದು ಕೇಳಿದರು. ನಾನೇ ಎಂದೆ. ಮನೆಖರ್ಚಿನಲ್ಲಿ ಉಳಿಸಿದ್ದರಿಂದ ಕೊಟ್ಟೆ. ಅವರು ಹದಿನಾರೂ ಪುಸ್ತಕಗಳಿಗೆ ಠಸ್ಸೆ ಒತ್ತಿ, ಕನ್ನಡಕ ತೆಗೆದು, ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು. "ಬಾಯಾರ, ಸರಕಾರದ ಕ್ಯಾಲೆಂಡರ್ ಗ್ವಾಡಿ ಮ್ಯಾಲ ಇರ್ತೈತಿ. ಓಣಿ ಕ್ಯಾಲೆಂಡರ್ ಹೆಣ್ಣಮಕ್ಕಳ ತಲ್ಯಾಗ ಇರ್ತೈತಿ. ನೀವು ಎರಡೂ ಓದಬೇಕು."

ಅಂದು ಸಂಜೆಯೇ ಹಾಸ್ಟೆಲಿನ ವೇಳಾಪಟ್ಟಿಯ ಹಾಗೆ ಒಂದು ಹಾಳೆಯ ಮೇಲೆ ಬಣ್ಣದ ಪೆನ್ಸಿಲಿನಲ್ಲಿ ದಿನಕ್ಕೊಂದು ಚೌಕದ ಮನೆ ಹಾಕಿದೆ. ಮಂಗಳವಾರ, ಶುಕ್ರವಾರ ಕೆಂಪು. ಅಮಾವಾಸ್ಯೆ ಕೆಂಪು. ಭಾನುವಾರ ಕಚೇರಿ ಇಲ್ಲ. ಯಾವ ದಿನವಾದರೂ ದೀಪ ಹಚ್ಚಿದ ಮೇಲೆ ಕೆಂಪು. ಕೊನೆಗೆ ಹಸಿರಾಗಿ ಉಳಿದದ್ದರಲ್ಲಿ ಗುರುವಾರವೇ ದೊಡ್ಡದು. ಯಾಕೆಂದರೆ ಮರುದಿನ ಕೊಡಲಾಗದೆಂದು ಗೊತ್ತಿದ್ದ ಹೆಂಗಸರು ಗುರುವಾರ ತಾವೇ ಕೊಟ್ಟುಬಿಡುತ್ತಿದ್ದರು. ಗುರುವಾರ, ದೀಪ ಹಚ್ಚೂದ್ರೊಳಗ. ಇದನ್ನು ನಾನು ಓಣಿಯಲ್ಲಿ ಎಷ್ಟು ಸಲ ಹೇಳಿದೆನೆಂದರೆ ನನ್ನನ್ನು ಕಂಡ ಕೂಡಲೇ ಹುಡುಗಿಯರು ನನ್ನದೇ ದನಿಯಲ್ಲಿ ಅಣಕಿಸುತ್ತಿದ್ದರು. ಕಾನ್ವೆಂಟಿನ ಹುಡುಗಿಯಾಗಿ ನನಗೆ ಮೊದಮೊದಲು ಇದು ನಗೆಯ ವಿಷಯವಾಗಿತ್ತು. ಆಮೇಲೆ ನೆನಪಾಯಿತು, ನಮ್ಮ ಸಿಸ್ಟರ್‌ಗಳೂ ಶುಕ್ರವಾರ ಮಾಂಸ ಮುಟ್ಟುತ್ತಿರಲಿಲ್ಲ.

ಈ ಕೆಲಸದಲ್ಲಿ ನನಗೆ ಬಹಳ ಇಷ್ಟವಾದದ್ದು ನೋಟುಗಳ ವಾಸನೆ. ಹೇಳಿದರೆ ಸವಿತಾ ಮೂಗು ಮುರಿಯುತ್ತಾಳೆ. ಹೆಂಗಸರು ದುಡ್ಡನ್ನು ಎಲ್ಲಿಡುತ್ತಾರೆಂಬುದು ನೋಟನ್ನು ಮೂಸಿದರೆ ತಿಳಿಯುತ್ತಿತ್ತು. ಇಂಗಿನ ಡಬ್ಬಿ ಒಬ್ಬರದು, ಮಸಾಲೆ ಖಾರದ ಡಬ್ಬಿ ಇನ್ನೊಬ್ಬರದು, ರೇಷ್ಮೆ ಸೀರೆಯ ಮಡಿಕೆಯ ಡಾಂಬರುಗುಳಿಗೆ ಮತ್ತೊಬ್ಬರದು. ಗಂಗವ್ವನ ನೋಟುಗಳ ಮಡಿಕೆಯಲ್ಲಿ ಜೋಳದ ಹಿಟ್ಟು ಇರುತ್ತಿತ್ತು. ಎಣಿಸುವ ಗುಮಾಸ್ತರು ಸೀನುತ್ತಿದ್ದರು. ಸೀನಿದ ಕೂಡಲೇ, "ರೊಟ್ಟಿ ಬಂತು," ಎಂದು ಉಳಿದವರು ನಗುತ್ತಿದ್ದರು.

ಅವಳಿಗೆ ನಾನು ಎರಡು ಪುಸ್ತಕ ಮಾಡಿಸಿದೆ. ಒಂದು ಜಾಗಕ್ಕೆ. ಇನ್ನೊಂದು, ರೊಟ್ಟಿ ಬಡಿಯಲು ಕೈ ಸೋತ ಮೇಲೆ ಕೂತು ಉಣ್ಣಲಿಕ್ಕೆ. ಎರಡನೆಯದಕ್ಕೆ ಬಹಳ ಜಗಳವಾಡಿದಳು; ಎಲ್ಲ ಜಾಗಕ್ಕೇ ಹಾಕಿದರೆ ಬೇಗ ಆಗುತ್ತದಲ್ಲ ಎಂದಳು. ಜಾಗವನ್ನು ಕಡಿದು ಉಣ್ಣಲಾಗುವುದಿಲ್ಲ ಎಂದು ನಾನು ಹಟ ಹಿಡಿದೆ. ಹೊಸಬರಿಗೆ ಇದೊಂದನ್ನು ಗಟ್ಟಿಯಾಗಿ ಹೇಳುತ್ತೇನೆ: ನೆಲ ಕೊಳ್ಳುವ ಆಸೆ ಇರುವವರಿಗೆ ಮುಪ್ಪಿನ ದುಡ್ಡನ್ನು ಬೇರೆ ಪುಸ್ತಕದಲ್ಲಿ ಇಡಿಸಿ. ಒಂದೇ ಪುಸ್ತಕದಲ್ಲಿದ್ದರೆ ನೆಲವೇ ಎಲ್ಲವನ್ನೂ ನುಂಗುತ್ತದೆ.

ನೆಲದ ವಿಷಯ ನಾನು ಕಲಿತದ್ದು ಬೇರೊಂದು ರೀತಿಯಲ್ಲಿ. ನಮ್ಮವರು ಸಿಂದಗಿಯಲ್ಲಿದ್ದಾಗ ಪ್ಲಾಟಿನ ವ್ಯವಹಾರದವನೊಬ್ಬ ಗಂಟುಬಿದ್ದ. ಬಣ್ಣದ ನಕ್ಷೆ ತೋರಿಸಿದ. ಅದರಲ್ಲಿ ಉದ್ಯಾನ, ಕಾರಂಜಿ, ಗುಡಿ ಎಲ್ಲ ಇದ್ದವು. ಸಿಂದಗಿ ರಸ್ತೆಯ ಹೊಲದಲ್ಲಿ ಗುಲಾಬಿ ಬಣ್ಣ ಬಳಿದ ನಂಬರಿನ ಕಲ್ಲುಗಳನ್ನು ನೆಟ್ಟಿದ್ದ. ನಾನೂ ಹೋಗಿ ನೋಡಿ ಬಂದೆ. ನಮ್ಮವರಿಗೆ ಮನಸ್ಸಾಯಿತು, ದರ ಹೊಂದಲಿಲ್ಲ. ಹತ್ತು ದಿನ ಬಿಟ್ಟು ಅವನೇ ಬಂದು, ಝಳಕಿಯ ಹತ್ತಿರ ಹೆದ್ದಾರಿಗೆ ಹತ್ತಿದಂತೆ ಇನ್ನೂ ಸೋವಿಯದು ಇದೆ ಎಂದು ನಮ್ಮಿಬ್ಬರನ್ನೂ ಜೀಪಿನಲ್ಲಿ ಕರೆದುಕೊಂಡು ಹೋದ. ಅಲ್ಲಿಯೂ ಗುಲಾಬಿ ಕಲ್ಲುಗಳು. ನಮ್ಮವರು ಹದಿನಾಲ್ಕನೇ ನಂಬರಿನ ಪ್ಲಾಟಿನಲ್ಲಿ ನಿಂತು ಬಾಗಿಲು ಯಾವ ದಿಕ್ಕಿಗೆ ಇಡಬೇಕೆಂದು ಲೆಕ್ಕ ಹಾಕುತ್ತಿದ್ದರು. ನಾನು ಕಲ್ಲು ನೋಡುತ್ತಿದ್ದೆ. ಹದಿನಾಲ್ಕನೇ ಕಲ್ಲಿನ ಬಲಮೂಲೆ ಒಡೆದಿತ್ತು, ಒಡೆದಲ್ಲಿ ಯಾರೋ ವೀಳ್ಯದ ಸುಣ್ಣ ಒರೆಸಿದ್ದರು. ಸಿಂದಗಿಯಲ್ಲಿ ನೋಡಿದ ಹದಿನಾಲ್ಕನೆಯದೂ ಹಾಗೆಯೇ ಒಡೆದಿತ್ತು, ಅದಕ್ಕೂ ಸುಣ್ಣ ಒರೆಸಿತ್ತು.

ನಾನು ಮೆಲ್ಲಗೆ ಕೇಳಿದೆ. "ಅಲ್ರಿ, ಸಿಂದಗಿ ಹೊಲದಾಗ ಈಗ ಕಲ್ಲ ಇಲ್ಲೇನ್ರಿ?"

ಅವನಿಗೆ ಕೆಮ್ಮು ಹತ್ತಿತು. ಒಂದೇ ಗಾಡಿ ಕಲ್ಲಿನಲ್ಲಿ ಅವನು ಎರಡು ತಾಲೂಕಿನಲ್ಲಿ ಬಡಾವಣೆ ಎಬ್ಬಿಸಿದ್ದ. ಉತಾರ, ಅಂದರೆ ಜಮೀನಿನ ದಾಖಲೆ, ತೆಗೆಸಿ ನೋಡಿದರೆ ಹೊಲ ಇನ್ನೂ ಬೇರೆಯವರ ಹೆಸರಿನಲ್ಲಿತ್ತು. ಮನೆ ಕಟ್ಟಲು ಬಿಡುವ ಎನ್.ಎ. ಆದೇಶವಂತೂ ಆಗಿರಲೇ ಇಲ್ಲ. ನಮ್ಮವರು ಎಂಟು ದಿನ ಮಾತು ಕಡಿಮೆ ಮಾಡಿ, ಒಂಬತ್ತನೆಯ ದಿನ ಕಚೇರಿಯಲ್ಲಿ ಎಲ್ಲರಿಗೂ ತಾವೇ ಕಂಡುಹಿಡಿದ ಹಾಗೆ ಈ ಕತೆ ಹೇಳಿದರಂತೆ. ಅಂದಿನಿಂದ ನನ್ನ ಚೀಲದಲ್ಲಿ ಪಾಸ್‌ಬುಕ್ಕುಗಳ ಜೊತೆ ಒಂದು ಚೀಟಿಯೂ ಸೇರಿತು: ಉತಾರ ಯಾರ ಹೆಸರಿನಲ್ಲಿದೆ, ಎನ್.ಎ. ಆಗಿದೆಯೇ, ಸಾಲದ ಬೋಜಾ ಇದೆಯೇ, ದಾರಿ ಎಲ್ಲಿಂದ. ಕೇಳಿದವರಿಗೆಲ್ಲ ಪುಕ್ಕಟೆ ಓದಿ ಹೇಳುತ್ತಿದ್ದೆ.

ಹಾಗೆ ಓದಿಸಿಕೊಳ್ಳಲು ಬಂದವರಲ್ಲಿ ರಾಜೇಸಾಬ ಮಾಸ್ತರರೂ ಒಬ್ಬರು. ಪ್ರಾಥಮಿಕ ಸಾಲೆಯಲ್ಲಿ ಹೆಡ್‌ಮಾಸ್ತರರಾಗಿ ನಿವೃತ್ತರಾದವರು, ಮುದ್ದೇಬಿಹಾಳ ರಸ್ತೆಗೆ ಮನೆ. ನಿವೃತ್ತಿಯ ದುಡ್ಡು ಕೈಗೆ ಬಂದ ವಾರದಲ್ಲಿ ಅವರ ಮನೆಗೆ ಬಂದಷ್ಟು ನೆಂಟರು ಮಗಳ ಮದುವೆಗೂ ಬಂದಿರಲಿಲ್ಲ ಎಂದು ಅವರ ಮನೆಯವರು ಜೈನಬಬಿ ಹೇಳಿ ನಗುತ್ತಿದ್ದರು. ಒಬ್ಬ ಇಂಡಿಯಲ್ಲಿ ಲಿಂಬಿತೋಟ ಕೊಡಿಸುತ್ತೇನೆಂದ, ಒಬ್ಬ ಟ್ರ್ಯಾಕ್ಟರ್ ಅಂದ, ಇನ್ನೊಬ್ಬ ಎರಡು ವರ್ಷದಲ್ಲಿ ಇಮ್ಮಡಿ ಅಂದ. ಮಾಸ್ತರರು ಎಲ್ಲರಿಗೂ ಚಹಾ ಕುಡಿಸಿ, ಮರುದಿನ ನನ್ನಿಂದ ಫಾರ್ಮು ತುಂಬಿಸಿ ಹಿರಿಯ ನಾಗರಿಕರ ಖಾತೆಯಲ್ಲಿ ಇಟ್ಟುಬಿಟ್ಟರು. ಮನೆಯ ಹಿಂದಿನ ಹೊಲವನ್ನು ಮೊದಲೇ ಎನ್.ಎ. ಮಾಡಿಸಿ ನಾಲ್ಕು ಪ್ಲಾಟು ಹಾಕಿದ್ದರು. ಮಕ್ಕಳಿಗೆ ಎರಡು, ಒಂದು ಮಾರಿದ್ದಾಗಿತ್ತು, ಒಂದು ಉಳಿದಿತ್ತು.

ಅಷ್ಟರಲ್ಲಿ ಕಾಲ ಬದಲಾಯಿತು. ಕೈಬರಹದ ಪಟ್ಟಿ ಹೋಯಿತು. ನನ್ನ ಅಕ್ಷರ ಚೆನ್ನಾಗಿದೆಯೆಂದು ಹೊಗಳಿಸಿಕೊಂಡ ಕೆಲಸದಲ್ಲಿ ಅಕ್ಷರವೇ ಬೇಡವಾಯಿತು. ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಪಟ್ಟಿ ಏರಿಸುವುದನ್ನು ನಾನು ಕಣ್ಣಲ್ಲಿ ನೀರು ತಂದುಕೊಂಡು ಕಲಿತೆ. ಉಳಿತಾಯ ಖಾತೆಗೆ ಚೆಕ್‌ಬುಕ್ಕು ಬಂತು. ಹಿಟ್ಟಿನ ನೋಟಿಗೆ ಸೀನುತ್ತಿದ್ದ ಗುಮಾಸ್ತರು ನಿವೃತ್ತರಾದರು. ಗಂಗವ್ವ ಒಂದು ಪುಸ್ತಕ ಮುಗಿದರೆ ಬಂದದ್ದನ್ನು ಹಾಗೆಯೇ ಠೇವಣಿ ಇಟ್ಟು ಹೊಸ ಪುಸ್ತಕ ತೆಗೆಯುತ್ತಿದ್ದಳು. ಮೂರು ಸಲ ಹಾಗೆ ಮಾಡಿದಳು. ಆ ಹೊತ್ತಿಗೆ ಅವಳು ಒಂಬತ್ತನೆಯ ಬಾಡಿಗೆ ಮನೆಯಲ್ಲಿದ್ದಳು. ಆ ಮನೆಯವರು ಹೊಸ ಬಣ್ಣ ಹಚ್ಚಿಸಿ, ಹೊಗೆ ಹಿಡಿಯುತ್ತದೆ, ತಿಂಗಳೊಳಗೆ ಒಲೆ ತೆಗೆ ಅಂದರು.

ನಾನು ಮಾಸ್ತರರ ನಾಲ್ಕನೆಯ ಪ್ಲಾಟಿನ ಮಾತು ಎತ್ತಿದೆ. ಅವರಿಗೆ ಅದನ್ನು ಮಾರುವ ಅವಸರ ಹೊಸದಾಗಿ ಬಂದಿತ್ತು. ಗಂಡಹೆಂಡತಿ ಇಬ್ಬರಿಗೂ ಹಜ್ ಯಾತ್ರೆಗೆ ಹೆಸರು ಬಂದಿತ್ತು, ಕಂತು ಕಟ್ಟುವ ಕೊನೆಯ ದಿನ ಮಂಗಳವಾರ. ಸಾಲ ಮಾಡಿ ಹೋಗಬಾರದು, ತಮ್ಮದೇ ದುಡ್ಡಿನಲ್ಲಿ ಹೋಗಬೇಕೆಂಬುದು ಅವರ ನೇಮ. ಅವಧಿಯ ಠೇವಣಿ ಮುರಿಯುವ ಮನಸ್ಸೂ ಇರಲಿಲ್ಲ. ಪೇಟೆಯ ದಲಾಲಿಯೊಬ್ಬ ನಗದು ಹಿಡಿದು ಕಾದಿದ್ದ. ಮಾಸ್ತರರಿಗೆ ಮಾತ್ರ ಗಂಗವ್ವನ ರೊಟ್ಟಿಯ ಋಣವಿತ್ತು. ಬಿಸಿಯೂಟ ಬರುವ ಮೊದಲು ಸಾಲೆಯ ಬಡ ಮಕ್ಕಳಿಗೆ ಅವಳು ಮುರಿದ ರೊಟ್ಟಿಗಳನ್ನು ಕಳಿಸುತ್ತಿದ್ದಳಂತೆ. ಅದನ್ನು ನನಗೆ ಅವಳು ಒಂದು ದಿನವೂ ಹೇಳಿರಲಿಲ್ಲ. ಶುಕ್ರವಾರ ನಮಾಜು ಮುಗಿದ ಮೇಲೆ ಸಂಚಕಾರ, ಅಂದರೆ ಮುಂಗಡ, ಕೊಟ್ಟು ಕಾಗದ ಮಾಡಿಕೊಂಡರೆ ಜಾಗ ಅವಳಿಗೇ ಅಂದರು; ಉಳಿದದ್ದು ಖರೀದಿಯ ದಿನ. ಮರುದಿನ ಎರಡನೆಯ ಶನಿವಾರ, ಬ್ಯಾಂಕು ಬಂದ್. ಶುಕ್ರವಾರ ಚೆಕ್ಕು ಬ್ಯಾಂಕಿಗೆ ಬೀಳದಿದ್ದರೆ ಮಂಗಳವಾರಕ್ಕೆ ದುಡ್ಡು ಬರುತ್ತಿರಲಿಲ್ಲ. ಅವರ ಮಟ್ಟಿಗಂತೂ ಶುಕ್ರವಾರದಷ್ಟು ಒಳ್ಳೆಯ ದಿನ ಇನ್ನೊಂದಿಲ್ಲ.

ಗಂಗವ್ವನ ಜಾಗದ ನಾಲ್ಕನೆಯ ಪುಸ್ತಕ ಬುಧವಾರ ಮುಗಿದಿತ್ತು. ಗುರುವಾರ ಬೆಳಿಗ್ಗೆ ಚೆಕ್ಕು ಬರೆಸಿ, ದೀಪ ಹಚ್ಚುವುದರೊಳಗೆ ಕೊಡಿಸಿಬಿಡುವುದು ನನ್ನ ಲೆಕ್ಕ. ಬುಧವಾರ ರಸ್ತೆ ಅಗೆಯುವಾಗ ಎಲ್ಲೋ ಕೇಬಲ್ಲು ತುಂಡಾಗಿ ಕಂಪ್ಯೂಟರುಗಳೆಲ್ಲ ನಿಂತವು. ಗುರುವಾರವೂ ಕಂಪ್ಯೂಟರಿನ ಜಾಲ ಬರಲಿಲ್ಲ. ನಾನು ಅಂಚೆ ಕಚೇರಿಯ ಬೆಂಚಿನ ಮೇಲೆ ಸಂಜೆಯವರೆಗೆ ಕೂತೆ. ಖಾತೆಗೆ ದುಡ್ಡು ಬೀಳದೆ ಚೆಕ್ಕಿಗೆ ಸಹಿ ಮಾಡಿಸಬಾರದೆಂದು ದೇಸಾಯಿಯವರು ಕಲಿಸಿದ್ದನ್ನು ಮೀರಲಿಲ್ಲ. ಶುಕ್ರವಾರ ಹನ್ನೆರಡಕ್ಕೆ ಜಾಲ ಬಂತು, ದುಡ್ಡು ಖಾತೆಗೆ ಬಿತ್ತು. ಇನ್ನು ಗಂಗವ್ವನನ್ನು ಒಪ್ಪಿಸಬೇಕು.

"ಚೆಕ್ಕಂದ್ರ ಕಾಗದ, ಗಂಗವ್ವಾ. ದುಡ್ಡು ಸೋಮವಾರ ಹೋಗ್ತದ," ಅಂದೆ.

"ನನ್ನ ಕೈ ಇವತ್ತ ಬಿಡ್ತೈತಲ್ರಿ," ಅಂದಳು. ಇಪ್ಪತ್ತು ವರ್ಷ ಬಡಿದ ರೊಟ್ಟಿಯ ದುಡ್ಡು, ಮನೆಯ ಮೊದಲ ಲಕ್ಷ್ಮಿ. ಶುಕ್ರವಾರ ಹೊರಗೆ ಕಳಿಸಿದರೆ ಆ ಜಾಗದಲ್ಲಿ ಒಲೆ ಉರಿಯುವುದಿಲ್ಲ. ಹೋದರೆ ಜಾಗವೇ ಹೋಗಲಿ ಅಂದಳು. ಹೇಳುವಾಗ ಅವಳ ಕೈ ಹಿಟ್ಟಿನ ಪರಾತದ ಅಂಚನ್ನು ಸುಮ್ಮನೆ ಸವರುತ್ತಿತ್ತು. ನಾನು ವಾದ ಮಾಡಲಿಲ್ಲ. ಇಲ್ಲ ಅನ್ನುವುದನ್ನಾದರೂ ಮಾಸ್ತರರ ಮನೆಗೆ ಹೋಗಿ ಹೇಳಿಬರೋಣ, ಮರ್ಯಾದೆ ಅಲ್ಲವೇ ಎಂದು ಚೆಕ್‌ಬುಕ್ಕನ್ನು ನನ್ನ ಚೀಲದಲ್ಲಿ ಹಾಕಿಕೊಂಡು ಕರೆದುಕೊಂಡು ಹೋದೆ.

ಮಾಸ್ತರರು ಆಗಷ್ಟೇ ಮಸೀದಿಯಿಂದ ಬಂದಿದ್ದರು, ಟೊಪ್ಪಿಗೆ ಇನ್ನೂ ತೆಗೆದಿರಲಿಲ್ಲ. ಕಟ್ಟೆಯ ಮೇಲೆ ಬಾಂಡ್ ಬರೆಯುವವರು ಕಾಗದ ಸಿದ್ಧ ಮಾಡಿಕೊಂಡು ಕೂತಿದ್ದರು. ಗಂಗವ್ವ ನಿಂತೇ ಎಲ್ಲ ಹೇಳಿದಳು. ಮಾಸ್ತರರು ಗಡ್ಡ ಸವರಿದರು. ಅವರು ಮಾತು ಕೊಟ್ಟದ್ದು ಸಂಜೆಯವರೆಗೆ. ಆಮೇಲೆ ದಲಾಲಿ ಬರುವವನಿದ್ದ. ಯಾರ ತಪ್ಪೂ ಇರಲಿಲ್ಲ, ಜಾಗ ಕೈಬಿಡುತ್ತಿತ್ತು.

ಬಾಗಿಲಿನ ಪರದೆಯ ಹಿಂದೆ ನಿಂತು ಕೇಳುತ್ತಿದ್ದ ಜೈನಬಬಿ ಹೊರಗೆ ಬಂದರು.

"ಗಂಗವ್ವಾ, ಶುಕ್ರವಾರ ಕೊಡಬಾರ್ದು. ಬರೂದಕ್ಕ ಅಡ್ಡಿ ಏನರ ಐತೇನು?"

"ಬರೂದಕ್ಕ ಯಾಕ ಅಡ್ಡಿರಿ ಅಕ್ಕಾರ. ಬಂದ್ರ ಚಲೋನ."

"ಮತ್ತ ಮೊದ್ಲ ಬರ್ಲಿ."

ಜೈನಬಬಿ ಗಂಡನ ಕೈಗೆ ಒಂದು ಸ್ಟೀಲಿನ ತಾಟು ಕೊಟ್ಟು ಮನೆಯ ಹಿಂದಕ್ಕೆ ಕಳಿಸಿದರು. ಹೆಡ್‌ಮಾಸ್ತರರು ಪ್ಲಾಟಿನ ನಟ್ಟನಡುವೆ ಹೋಗಿ ಕುಕ್ಕರುಗಾಲಲ್ಲಿ ಕೂತು ಎರಡು ಬೊಗಸೆ ಎರೆಮಣ್ಣು ತುಂಬಿಕೊಂಡು ಬಂದರು. ಜೈನಬಬಿ ಅದರ ಮೇಲೆ ಒಂದು ಹಿಡಿ ಜೋಳ, ಬೆಲ್ಲದ ತುಣುಕು, ಒಣಕೊಬ್ಬರಿಯ ಗಿಟುಕು, ಎರಡು ಖರ್ಜೂರ ಇಟ್ಟರು. ನಮ್ಮ ಕಡೆ ಮುತ್ತೈದೆಯರ ಸೆರಗಿನಲ್ಲಿ ಹೀಗೆ ಉಡಿ ತುಂಬುವುದು ಅವರಿಗೆ ಹೊಸದಲ್ಲ. ಓಣಿಯ ಎಷ್ಟೋ ಮದುವೆಗಳಲ್ಲಿ ನೋಡಿದವರು.

ಗಂಗವ್ವ ಎರಡು ಹೆಜ್ಜೆ ಹಿಂದೆ ಸರಿದಳು. "ನನಗ ಉಡಿ ತುಂಬಬಾರ್ದ್ರಿ ಅಕ್ಕಾರ. ಅವ್ರು ಹೋದ ಮ್ಯಾಲ ಯಾರೂ ತುಂಬಿಲ್ಲ. ನಿಮಗ ಗೊತ್ತೈತಲ್ಲ."

"ನನಗ ಗೊತ್ತೈತಿ. ಮಣ್ಣಿಗೆ ಗೊತ್ತಾಗ್ತೈತೇನು?" ಅಂದರು ಜೈನಬಬಿ. "ಸೆರಗ ಹಿಡಿ."

ಅವಳು ಹಿಡಿದಳು. ತಾಟು ಓರೆಯಾಯಿತು. ಎರೆಮಣ್ಣಿನ ಹೆಂಟೆಗಳು ಸೆರಗಿನಲ್ಲಿ ಬಿದ್ದ ಸಪ್ಪಳ ನನಗೆ ಈಗಲೂ ಕೇಳುತ್ತದೆ. ಬಹಳ ಸಣ್ಣ ಸಪ್ಪಳ. ಖರ್ಜೂರವೊಂದು ಉರುಳಿ ಕೆಳಗೆ ಬಿತ್ತು. ಬಾಂಡ್ ಬರೆಯುವವರು ಎದ್ದು ಬಂದು ಅದನ್ನು ಎತ್ತಿ, ಒರೆಸಿ, ಮತ್ತೆ ಅವಳ ಉಡಿಯಲ್ಲೇ ಹಾಕಿದರು. ಗಂಗವ್ವ ಉಡಿಯೊಳಗೆ ನೋಡಿದಳು. ಆಮೇಲೆ ಮೂಗು ಎಳೆದುಕೊಂಡು, ನನ್ನ ಕಡೆ ತಿರುಗಿ, ತೀರ ವ್ಯವಹಾರದ ದನಿಯಲ್ಲಿ, "ತಗೀರಿ ವೈನಿ ಆ ಪುಸ್ತಕ. ಬಂದೈತಿ, ಇನ್ನ ಹೋಗ್ಲಿ," ಅಂದಳು.

ಎಡಗೈಯಲ್ಲಿ ಉಡಿ ಬಿಗಿಹಿಡಿದುಕೊಂಡು ಬಲಗೈಯಲ್ಲಿ ಸಹಿ ಮಾಡಿದಳು. ಚೆಕ್‌ಬುಕ್ಕನ್ನು ನಾನು ಒತ್ತಿ ಹಿಡಿದಿದ್ದೆ. ಮೊದಲ ಅಕ್ಷರ ಎಂದಿಗಿಂತ ದೊಡ್ಡದಾಗಿ ಬಂತು, ಕೊನೆಯದು ಗುಡ್ಡ ಇಳಿದ ಹಾಗೆ ಕಾಗದದ ತಳಕ್ಕೇ ಜಾರಿತು. ಕಚೇರಿಯಲ್ಲಿರುವ ಸಹಿಗೆ ಇದು ಹೊಂದುತ್ತದೋ ಇಲ್ಲವೋ ಎಂದು ನನಗೆ ಹೆದರಿಕೆ. ಮಾಸ್ತರರು ಚೆಕ್ಕು ಹಿಡಿದು ಸೈಕಲ್ ಮೋಟರಿನ ಮೇಲೆ ಬ್ಯಾಂಕಿಗೆ ಓಡಿದರು.

ಹೆದರಿದ ಹಾಗೆಯೇ ಸೋಮವಾರ ವಿಜಯಪುರದ ದೊಡ್ಡ ಅಂಚೆ ಕಚೇರಿಯಿಂದ ನಮ್ಮ ಕಚೇರಿಗೆ ಫೋನು ಬಂತು, ಸಹಿ ಹೊಂದುತ್ತಿಲ್ಲ ಎಂದು. ಆಗ ಪೋಸ್ಟ್‌ಮಾಸ್ತರಾಗಿದ್ದವಳು ಮಂಡ್ಯದ ಕಡೆಯ ಹುಡುಗಿ, ನನ್ನ ಮಗಳ ವಯಸ್ಸಿನವಳು. ಗಂಗವ್ವನನ್ನು ಕರೆಸಿ, ತನ್ನೆದುರು ಸಹಿ ಮಾಡಿಸಿ ನೋಡಿದಳು. ಸಹಿ ಪುಸ್ತಕದಲ್ಲಿ ಇದ್ದ ಹಾಗೆಯೇ ನೆಟ್ಟಗೆ ಬಂತು. ಚೆಕ್ಕಿನ ಹಾಗೆ ಬರಲಿಲ್ಲ. ಇನ್ನೊಂದು ಸಲವೂ ಹಾಗೇ. ಇದು ನಿಮ್ಮದೇನಾ ಎಂದು ಕೇಳಿದಳು. ಗಂಗವ್ವ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಉಡಿಯಲ್ಲಿ ಮಣ್ಣಿತ್ತು, ಅದಕ್ಕೇ ಕೈ ಬಾಗಿತು.

ಹುಡುಗಿ ಎದ್ದು ಬಂದಳು. ಮೇಜಿನ ಮೇಲಿದ್ದ ಅಂಟಿನ ಬಾಟಲಿ, ಪೇಪರ್‌ವೇಟು, ಠಸ್ಸೆಯ ಡಬ್ಬಿ ಮೂರನ್ನೂ ಅವಳ ಸೆರಗಿನಲ್ಲಿ ಹಾಕಿ, "ಈಗ ಮಾಡಿ ಅಮ್ಮ," ಅಂದಳು.

ಕೊನೆಯ ಅಕ್ಷರ ಕಾಗದದ ತಳಕ್ಕೆ ಜಾರಿತು. ಕೌಂಟರಿನಲ್ಲಿದ್ದವರೆಲ್ಲ ನಕ್ಕರು. ಹುಡುಗಿ ಎರಡನ್ನೂ ಪಕ್ಕಪಕ್ಕ ಇಟ್ಟು ಫೋಟೋ ಹಿಡಿದು ವಿಜಯಪುರಕ್ಕೆ ಕಳಿಸಿ, ಫೋನಿನಲ್ಲಿ ತಾನೇ ಕಾರಣ ಹೇಳಿದಳು. ಅಲ್ಲಿಯವರಿಗೆ ಏನು ಅರ್ಥವಾಯಿತೋ, ಚೆಕ್ಕು ಪಾಸಾಯಿತು. ಮಂಗಳವಾರ ಮಾಸ್ತರರ ಕಂತು ತುಂಬಿತು. ಮುಂದಿನ ತಿಂಗಳು ಖರೀದಿಯಾಗಿ, ಉತಾರದಲ್ಲಿ ಗಂಗವ್ವನ ಹೆಸರು ಬಂತು. ಉಡಿಯ ಮಣ್ಣನ್ನು ಅವಳು ಡಬ್ಬಿಯಲ್ಲಿ ಕಟ್ಟಿಟ್ಟಿದ್ದಳು. ಅದನ್ನೇ ಕಲಸಿ ಮೊದಲ ಒಲೆ ಹೂಡಿದಳು. ಯಾತ್ರೆಯಿಂದ ಬಂದ ಜೈನಬಬಿ ಖರ್ಜೂರ ತಂದುಕೊಟ್ಟಾಗ ಆ ಒಲೆಯ ಮುಂದೆಯೇ ಕೂತು ರೊಟ್ಟಿ ಉಂಡರು.

ಇದೆಲ್ಲ ಆಗಿ ನಾಲ್ಕು ವರ್ಷ. ಗಂಗವ್ವ ಈಗ ದಿನಕ್ಕೆ ಅರ್ಧದಷ್ಟೇ ರೊಟ್ಟಿ ಬಡಿಯುತ್ತಾಳೆ. ಮುಪ್ಪಿಗೆಂದು ಇಟ್ಟ ಪುಸ್ತಕದ ದುಡ್ಡು ಮಾಸಿಕ ಆದಾಯದ ಖಾತೆಯಲ್ಲಿದೆ, ತಿಂಗಳ ಬಡ್ಡಿ ಬರುತ್ತದೆ. ಒಲೆಯ ಮನೆಯ ಮಗ್ಗುಲಿಗೆ ಪತ್ರಾಸ್ ತಗಡಿನ ಒಂದು ಕೋಣೆ ಹಾಕಿಸಿ ಬಾಡಿಗೆಗೆ ಕೊಟ್ಟಿದ್ದಾಳೆ. ಬಾಡಿಗೆಗಿರುವವಳು ನಮ್ಮ ಸವಿತಾ. ಕೋಣೆ ಕೊಡುವ ಮೊದಲೇ, ನಸುಕಿನ ಸಪ್ಪಳ ನಡೆಯುತ್ತದೆಯೇ ಎಂದು ಗಂಗವ್ವನೇ ಕೇಳಿದಳಂತೆ.

ಕಳೆದ ವಾರ ಗಂಗವ್ವ ಬಿಸಿರೊಟ್ಟಿ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಮುಖ ಸ್ವಲ್ಪ ಬಿಗಿಯಾಗಿತ್ತು.

"ನಿಮ್ಮ ಹುಡುಗೀನ ಬಾಡಗಿ ಕೇಳಿದ್ನಿರಿ ವೈನಿ. ಶುಕ್ರವಾರ ಬರೂ ಲಕ್ಷ್ಮಿಗೆ ಅಡ್ಡಿ ಇಲ್ಲಲ್ಲ, ಅದಕ್ಕ ಅವತ್ತ ಕೇಳಿದ್ನಿ. 'ಶುಕ್ರವಾರ ಕೊಡಬಾರ್ದು ಅಂತ ನಮ್ಮವ್ವ ಹೇಳ್ಯಾಳ' ಅಂತಾಳ್ರಿ."

ನೀನೇನು ಅಂದೆ ಎಂದು ಕೇಳಿದೆ.

"ಏನ್ ಅನ್ಲಿ? ಖರೇನ ಐತಲ್ಲ." ಗಂಗವ್ವ ರೊಟ್ಟಿಯ ಬುಟ್ಟಿ ಕೆಳಗಿಟ್ಟು ಕೂತಳು. "ಗುರುವಾರ ಕೊಡು ಅಂದೀನಿ. ದೀಪ ಹಚ್ಚೂದ್ರೊಳಗ."